ಓರೆ ಬಕೇಟಿನ ಗಾಳೆಪ್ಪ

ಹಿಂದೆ, ಬಹಳ ಹಿಂದೆ, ಈ ಬೇವಿನ ಮರ ಇನ್ನೂ ಬೀಜದೊಳಗೆ ನಿದ್ದೆ ಮಾಡುತ್ತಿದ್ದ ಕಾಲದಲ್ಲಿ, ಗುಂಡ್ಲಹಾಳು ಅಂತ ಒಂದು ಊರಿತ್ತು. ಊರಿಗೆ ಒಂದು ಕೆರೆ ಇತ್ತು. ಕೆರೆಯಿಂದ ಒಂದು ಹರದಾರಿ ದೂರದಲ್ಲಿ ನಮ್ಮ ಕೊನೇಹಟ್ಟಿ ಇತ್ತು. ಕೆರೆಗೂ ಹಟ್ಟಿಗೂ ನಡುವೆ ಒಂದು ಕಾಲುವೆ ಇತ್ತು. ಕಾಲುವೆಯಲ್ಲಿ ನೀರು ಮಾತ್ರ ಇರಲಿಲ್ಲ.

ಯಾವ ವರ್ಷ ಅಂತ ಕೇಳಬೇಡಿ. ಎತ್ತಿನ ಗಾಡಿಗಳು ಕಡಿಮೆಯಾಗಿ, ಇಟಾಚಿ ಗಾಡಿಗಳು ಊರೂರಿಗೆ ಬಂದು ಮಣ್ಣು ಅಗೆಯತೊಡಗಿದ್ದ ಕಾಲ ಅಂತ ಇಟ್ಟುಕೊಳ್ಳಿ. ನಾನು ಕಂಡವಳಲ್ಲ. ನಾನು ಈ ಹಟ್ಟಿಗೆ ಸೊಸೆಯಾಗಿ ಬರುವುದಕ್ಕೆ ಮೊದಲಿನ ಮಾತು ಇದು. ನಮ್ಮತ್ತೆ ಗಿರಿಜವ್ವ ಕಂಡವಳು. ಅವಳು ಹೇಳಿದ್ದನ್ನು ನಾನು ಹೇಳುತ್ತೇನೆ. ಅವಳು ಸ್ವಲ್ಪ ಸೇರಿಸಿರಬಹುದು. ನಾನೂ ಸ್ವಲ್ಪ ಸೇರಿಸುತ್ತೇನೆ. ಮುಂದೆ ನೀವು ಹೇಳುವಾಗ ನೀವೂ ಸೇರಿಸಿ, ಬೇಡ ಅನ್ನಲ್ಲ. ಕಾಲುವೆಯ ಮಟ್ಟ ಒಂದನ್ನು ಬಿಟ್ಟು ಏನು ಬೇಕಾದರೂ ಬದಲಾಯಿಸಿ.

ಆ ಕಾಲುವೆಯನ್ನು ಎರಡು ಸಲ ತೋಡಿದ್ದರಂತೆ. ಎರಡು ಸಲವೂ ಕೆರೆಯ ತೂಬು ಎತ್ತಿದಾಗ ನೀರು ಹೊರಟಿತಂತೆ, ಅರ್ಧ ದಾರಿ ಬಂದಿತಂತೆ, ಅಲ್ಲಿ ನಿಂತಿತಂತೆ. ನಿಂತ ನೀರಲ್ಲಿ ಎಮ್ಮೆಗಳು ಬಿದ್ದು ಹೊರಳಾಡಿದವು, ಅಷ್ಟೇ. ಹಟ್ಟಿಯವರು ಬಿಂದಿಗೆ ಹಿಡಿದುಕೊಂಡು ಕಾಲುವೆಯ ತುದಿಯಲ್ಲಿ ಕೂತಿದ್ದರು. ಸಂಜೆ ಎದ್ದು ಮನೆಗೆ ಹೋದರು. ಆಮೇಲೆ ಅದಕ್ಕೆ ಒಣಗಾಲುವೆ ಅಂತಲೇ ಹೆಸರಾಯಿತು. ಅದರೊಳಗೆ ಮೊಲಗಳು ಮರಿ ಹಾಕುತ್ತಿದ್ದವು.

ಯಾಕೆ ನಿಂತಿತು ಅಂದರೆ, ಕೆರೆಯಿಂದ ಹಟ್ಟಿಗೆ ಇಳಿಜಾರು ಬಹಳ ಕಡಿಮೆ. ನೂರು ಹೆಜ್ಜೆಗೆ ಒಂದು ಬೆರಳು ಇಳಿದರೆ ಹೆಚ್ಚು. ಅಷ್ಟು ನಾಜೂಕಿನ ಇಳಿಜಾರನ್ನು ಈ ಕಲ್ಲುಬೋರೆಯಲ್ಲಿ ತೋಡಬೇಕು. ನೆಲ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಇಟಾಚಿ ಗಾಡಿ ಓರೆಯಾಗಿ ನಿಂತರೆ ಅದರ ತೋಳಿನ ತುದಿಯಲ್ಲಿ ಮಣ್ಣು ಅಗೆಯುವ ಬಕೇಟೂ ಓರೆಯಾಗುತ್ತೆ. ಬಕೇಟು ಓರೆಯಾದರೆ ತೋಡಿದ ತಳವೂ ಓರೆ. ಕಾಲುವೆಯ ತಳ ಹಾವು ತೆವಳಿದ ಹಾಗೆ ಏರಿ ಇಳಿದು ಹೋಗಿತ್ತು. ದಂಡೆಗಳನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು, ಅವು ಒಂದೇ ಮಳೆಗೆ ಕುಸಿದಿದ್ದವು. ನೀರಿಗೆ ಏನು ಗೊತ್ತು? ತಗ್ಗು ಕಂಡಲ್ಲಿ ಕೂತಿತು.

ಮೂರನೇ ಸಲ ನೀರಾವರಿ ಸಾಹೇಬರು ಬಂದರು. ಬಂದು ಹಟ್ಟಿಯ ಕಟ್ಟೆಯ ಮೇಲೆ ಕೂತು, ಇನ್ನೊಂದು ಸಲ ತೋಡಿಸುತ್ತೇವೆ, ಚಿತ್ತೆ ಮಳೆ ಹುಟ್ಟಿದ ದಿನ ತೂಬು ಎತ್ತುತ್ತೇವೆ, ಆವತ್ತು ನೀರು ಹಟ್ಟಿ ಮುಟ್ಟಿದರೆ ಮುಟ್ಟಿತು, ಮುಟ್ಟದಿದ್ದರೆ ನಿಮ್ಮ ಪಾಲಿನ ನೀರು ಬೇರೆ ಊರಿಗೆ ಹೋಗುತ್ತೆ ಅಂದರಂತೆ. ಮಖೆ ಮಳೆ ಮುಗಿಯುತ್ತಾ ಬಂದಿತ್ತು. ಚಿತ್ತೆಗೆ ಎರಡು ತಿಂಗಳೂ ಇರಲಿಲ್ಲ.

ಆಗ ಬಂದ ಗಾಳೆಪ್ಪ.

ಗಾಳೆಪ್ಪ ಒಡ್ಡರ ಪೈಕಿ. ಅವನ ಅಜ್ಜ, ಅಜ್ಜನ ಅಜ್ಜ ಎಲ್ಲ ಕೆರೆ ಕಟ್ಟೆ ಕಟ್ಟಿದವರು. ಕತ್ತೆಯ ಮೇಲೆ ಮಣ್ಣು ಹೊತ್ತು ಊರೂರು ತಿರುಗಿದವರು. ಇವನ ಕಾಲಕ್ಕೆ ಕತ್ತೆ ಹೋಗಿ ಇಟಾಚಿ ಬಂತು. ಇವನು ಅದರ ಡ್ರೈವರಾದ. ಅವನ ಬಗ್ಗೆ ಜನ ಏನೇನು ಹೇಳುತ್ತಾರೆ ಗೊತ್ತಾ? ಬಕೇಟಿನ ತುದಿಯಿಂದ ಬೆಂಕಿಪೊಟ್ಟಣ ಮುಚ್ಚುತ್ತಿದ್ದ ಅಂತಾರೆ. ರಂಗೋಲಿ ಅಳಿಸದೆ ಅಂಗಳ ಸಮ ಮಾಡುತ್ತಿದ್ದ ಅಂತಾರೆ. ಮಲಗಿದ್ದ ನಾಯಿಯ ಕೆಳಗಿಂದ ಮಣ್ಣು ತೆಗೆದರೆ ನಾಯಿಗೆ ಎಚ್ಚರವಾಗುತ್ತಿರಲಿಲ್ಲ ಅಂತಾರೆ. ಆಳು ಏಳಡಿ ಎತ್ತರ ಇದ್ದ ಅಂತಲೂ ಅಂತಾರೆ. ಅದು ಸುಳ್ಳು. ನಮ್ಮತ್ತೆ ಪ್ರಕಾರ ಅವನು ಕುಳ್ಳ. ಇಂಜಿನ್ನಿನ ಸದ್ದು ಕೇಳಿ ಕೇಳಿ ಒಂದು ಕಿವಿ ಮಂದವಾಗಿತ್ತು. ಮಂಡಕ್ಕಿ ಮೆಣಸಿನಕಾಯಿ ಅಂದರೆ ಪ್ರಾಣ. ಮಾತು ಕಡಿಮೆ.

ಅವನ ಕಂತ್ರಾಟುದಾರ ಅಡವೀಶಪ್ಪ ಅಂತ. ಆ ಅಡವೀಶಪ್ಪ ಯಾವುದೋ ದೂರದ ಊರಲ್ಲಿ ಹಳೇ ಇಟಾಚಿ ಒಂದನ್ನು ಕೊಂಡಿದ್ದ. ಅದರ ಜೊತೆಗೆ ಒಂದು ವಿಚಿತ್ರ ಬಕೇಟು ಬಂದಿತ್ತಂತೆ. ಬಾಯಿ ಅಗಲ, ಆದರೆ ಹಲ್ಲುಗಳೇ ಇಲ್ಲ. ಮಣ್ಣು ಕಚ್ಚುವ ಹಲ್ಲಿಲ್ಲದ ಬಕೇಟು ಯಾತಕ್ಕೆ ಬಂತು ಅಂತ ಅದನ್ನು ಶೆಡ್ಡಿನ ಹಿಂದೆ ಎಸೆದಿದ್ದರು. ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗಾಳೆಪ್ಪ ಒಂದು ದಿನ ಅದರ ಕತ್ತಿನ ಹತ್ತಿರ ಬಗ್ಗಿ ನೋಡಿದ. ಬಕೇಟನ್ನು ಎತ್ತಿ ತಳ್ಳುವ ಎರಡು ಸಣ್ಣ ಜಾಕುಗಳು ಇದ್ದವು, ಎಡಕ್ಕೊಂದು, ಬಲಕ್ಕೊಂದು. ಅವನಿಗೆ ಹೊಳೆಯಿತು. ಬೇರೆ ಬಕೇಟುಗಳು ಕೋಳಿ ಕಾಳು ಹೆಕ್ಕಿದ ಹಾಗೆ ಹಿಂದಕ್ಕೂ ಮುಂದಕ್ಕೂ ಮಾತ್ರ ಬಾಗುತ್ತವೆ. ಇದು ಪಕ್ಕಕ್ಕೂ ಓಲುತ್ತದೆ. ನಾವು ಆಗಲಿ ಆಗಲಿ ಅಂತ ತಲೆ ಓಲಿಸುತ್ತೇವಲ್ಲ, ಹಾಗೆ.

ಕೋಳಿಗಳನ್ನು ಎಬ್ಬಿಸಿ, ಮೊಟ್ಟೆಗಳನ್ನು ಅಡವೀಶಪ್ಪನ ಹೆಂಡತಿಗೆ ಕೊಟ್ಟು, ಬಕೇಟನ್ನು ತೊಳೆದು, ಆಯಿಲ್ ಪೈಪು ಜೋಡಿಸಿ, ಗಾಡಿಗೆ ತೊಡಿಸಿದ. ಆಮೇಲೆ ಹದಿನೈದು ದಿನ ಒಂದು ಬೀಳು ಹೊಲದಲ್ಲಿ ಒಬ್ಬನೇ ಆಟ ಆಡಿದನಂತೆ. ಗಾಡಿಯನ್ನು ಬೇಕೂಂತಲೇ ದಿಬ್ಬದ ಮೇಲೆ ಓರೆಯಾಗಿ ನಿಲ್ಲಿಸುವುದು, ಬಕೇಟನ್ನು ಅದಕ್ಕೆ ಎದುರು ದಿಕ್ಕಿಗೆ ಓಲಿಸುವುದು, ನೆಲವನ್ನು ಒಂದು ಪದರ ಹೆರೆಯುವುದು, ಇಳಿದು ಬಂದು ರಸಮಟ್ಟ ಇಟ್ಟು ನೋಡುವುದು. ರಸಮಟ್ಟದೊಳಗಿನ ಗುಳ್ಳೆ ನಡುವೆ ನಿಲ್ಲುವ ತನಕ ಬಿಡಲಿಲ್ಲ. ಹದಿನಾರನೇ ದಿನ ಅಡವೀಶಪ್ಪ ಬಂದು ನೋಡಿದರೆ, ಗಾಡಿ ಕುಡಿದವನ ಹಾಗೆ ವಾಲಿ ನಿಂತಿದೆ, ನೆಲ ಮಾತ್ರ ತಟ್ಟೆಯ ಹಾಗೆ ಸಮ ಇದೆ.

ಒಣಗಾಲುವೆಯ ಕೆಲಸ ಅಡವೀಶಪ್ಪನಿಗೆ ಬಂತು. ಅಡವೀಶಪ್ಪ ಗಾಳೆಪ್ಪನನ್ನು ಕಳಿಸಿದ.

ಹಟ್ಟಿಯವರು ಮೊದಲ ದಿನ ನೋಡಿ ನಕ್ಕರಂತೆ. ಹಲ್ಲಿಲ್ಲದ ಬಕೇಟು ತಂದಿದ್ದಾನೆ, ಇದು ಮಣ್ಣು ತಿನ್ನುತ್ತದೋ ಅಂಬಲಿ ಕುಡಿಯುತ್ತದೋ ಅಂತ ಹೆಂಗಸರು ಆಡಿಕೊಂಡರಂತೆ. ಗಾಳೆಪ್ಪನೂ ನಕ್ಕ. ಗಟ್ಟಿ ನೆಲ ಬಂದಲ್ಲಿ ಹಲ್ಲಿನ ಬಕೇಟು ಹಾಕಿ ಒಡೆದುಕೊಂಡ. ಆಮೇಲೆ ಓರೆ ಬಕೇಟು ಹಾಕಿ ಹದ ಮಾಡಿದ. ಪ್ರತಿ ಹತ್ತು ಹೆಜ್ಜೆಗೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ದಾರ ಕಟ್ಟಿ, ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿ, ಆಮೇಲೆ ಗಾಡಿ ಹತ್ತುತ್ತಿದ್ದ. ತಳವನ್ನು ಹೆರೆಯುವಾಗ ಬಕೇಟು ಮಟ್ಟ. ದಂಡೆಗೆ ಬಂದಾಗ ಬಕೇಟು ಓರೆ. ಒಂದು ದಂಡೆಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಗಾಡಿ ನಿಂತಲ್ಲೇ ನಿಂತಿರುತ್ತಿತ್ತು. ದಂಡೆಗಳು ಮೊರದ ಅಂಚಿನ ಹಾಗೆ ಇಳಿಜಾರಾಗಿ, ನುಣ್ಣಗೆ ಎದ್ದವು. ಬೆರಳು ಸವರಿದರೆ ಸಾರಿಸಿದ ನೆಲ ಮುಟ್ಟಿದ ಹಾಗಿತ್ತು ಅಂತ ನಮ್ಮತ್ತೆ ಹೇಳುತ್ತಿದ್ದಳು. ಉಬ್ಬೆ ಮಳೆ ಮುಗಿಯುವ ಹೊತ್ತಿಗೆ ಅರ್ಧ ಕಾಲುವೆ ಆಗಿತ್ತು. ನಗುತ್ತಿದ್ದ ಹೆಂಗಸರು ಈಗ ಅವನಿಗೆ ಮಂಡಕ್ಕಿ ತರುತ್ತಿದ್ದರು.

ಆಮೇಲೆ ಕಲ್ಲುಬೋರೆಯ ಪಕ್ಕೆ ಬಂತು.

ಅಲ್ಲಿ ಕಾಲುವೆ ಗುಡ್ಡದ ಪಕ್ಕೆ ಹಿಡಿದು ಹೋಗಬೇಕು. ಮೇಲೆ ಬಂಡೆ. ಕೆಳಗೆ ನಮ್ಮ ಹಟ್ಟಿಯ ಹಿರಿಯರನ್ನು ಮಣ್ಣು ಮಾಡಿದ ಜಾಗ. ಒಬ್ಬೊಬ್ಬರ ತಲೆಯ ಹತ್ತಿರ ಒಂದೊಂದು ಗುಂಡುಕಲ್ಲು ಇಟ್ಟಿದ್ದರು. ಹಿಂದೆ ಎರಡು ಸಲ ಬಂದವರು ಅಲ್ಲಿಗೆ ಬಂದು ಅರೆಬರೆ ಕೆರೆದು ಬಿಟ್ಟು ಹೋಗಿದ್ದರು. ಯಾಕೆಂದರೆ ಓರೆ ನೆಲದ ಮೇಲೆ ಮಟ್ಟವಾಗಿ ತೋಡಬೇಕಾದರೆ ಗಾಡಿ ನಿಲ್ಲಲು ಮೊದಲು ಮಣ್ಣು ಸುರಿದು ಅಟ್ಟಣೆ ಮಾಡಬೇಕು. ಆ ಮಣ್ಣು ಸುರಿಯುವುದು ಎಲ್ಲಿ? ಆ ಕಲ್ಲುಗಳ ಮೇಲೆಯೇ.

ಗಾಳೆಪ್ಪ ಗಾಡಿ ತಂದ ದಿನ ಬೆಳಿಗ್ಗೆ, ಕೆಂಚವ್ವ ಅನ್ನುವ ಮುದುಕಿ ಬಂದು ಆ ಕಲ್ಲುಗಳ ನಡುವೆ ಕೂತುಬಿಟ್ಟಿದ್ದಳು. ಅವಳ ಗಂಡ ನಿಂಗಯ್ಯ ಅಲ್ಲಿ ಮಲಗಿದ್ದ. ಸಾಲಿನ ಮೇಲಿನ ಕಲ್ಲು ಅವನದು, ಕಾಲುವೆಗೆ ಎಲ್ಲಕ್ಕಿಂತ ಹತ್ತಿರ. ಮಡಿಲಲ್ಲಿ ಎಲೆ ಅಡಿಕೆಯ ಚೀಲ ಇಟ್ಟುಕೊಂಡು, ಕಲ್ಲಿಗೆ ಒರಗಿಕೊಂಡು, ಕಾಲು ನೀಡಿ ಕೂತಿದ್ದಳು. ಅಡವೀಶಪ್ಪ ಬಂದು ಕೈಮುಗಿದ. ಏಳಲಿಲ್ಲ. ಊರ ಹಿರಿಯರು ಬಂದು ಹೇಳಿದರು. ಏಳಲಿಲ್ಲ. ಕೊನೆಗೆ ಗಾಳೆಪ್ಪ ಗಾಡಿ ಇಳಿದು ಬಂದು, ಒಳ್ಳೆಯ ಕಿವಿ ಅವಳ ಕಡೆ ಇರುವ ಹಾಗೆ ಪಕ್ಕದಲ್ಲಿ ಕೂತ.

"ಯಾಕಜ್ಜಿ, ಇಲ್ಲಿ ಕೂತಿದ್ದೀಯ?" ಅಂದ.

"ನಮ್ಮ ಯಜಮಾನ್ರು ಮಲಗವ್ರೆ. ಬದುಕಿರೋ ತಂಕ ಒಂದು ಬಿಂದಿಗೆ ನೀರಿಗೆ ಅಂತ ಗುಂಡ್ಲಹಾಳಿಗೆ ನಡೆದ್ರು. ಈಗ ಅವರ ಎದೆ ಮೇಲೆ ಮಣ್ಣು ಸುರಿದು ನೀರು ತಗೊಂಡು ಹೋಗ್ತೀರಾ? ಆ ನೀರು ನಂಗೆ ಗಂಟಲಲ್ಲಿ ಇಳಿಯಲ್ಲ ಕಣಪ್ಪ."

"ಮಣ್ಣು ಸುರಿಯಲ್ಲ ಅಜ್ಜಿ."

"ಸುರೀದಂಗೆ ಹೆಂಗೆ ಮಾಡ್ತೀಯ? ನಿನ್ನ ಗಾಡಿ ಆನೆ ಇದ್ದಂಗೈತೆ."

"ಆನೆನೇ. ಆದ್ರೆ ಇದರ ಸೊಂಡಿಲು ಓಲಾಡ್ತದೆ. ಆನೆ ಓರೆಯಾಗಿ ನಿಂತ್ರೂ ಸೊಂಡಿಲು ನೆಟ್ಟಗೆ ಕೆಲಸ ಮಾಡ್ತದೆ. ಅಟ್ಟಣೆ ಬೇಕಾಗಿಲ್ಲ. ತೆಗೆದ ಮಣ್ಣೆಲ್ಲ ಮೇಲಕ್ಕೇ ಹಾಕ್ತೀನಿ, ಬಂಡೆ ಕಡೆಗೆ."

ಕೆಂಚವ್ವ ಬಕೇಟಿನ ಬಾಯಿ ನೋಡಿದಳು. "ಇದಕ್ಕೂ ಹಲ್ಲಿಲ್ವಲ್ಲೋ ನನ್ನಂಗೆ," ಅಂದಳು. ಆಮೇಲೆ ಮುಖ ಬಿಗಿ ಮಾಡಿಕೊಂಡು, "ನಾನು ಮಾತ್ರ ಏಳಲ್ಲ," ಅಂದಳು.

"ಏಳ್ಬೇಡ. ಕೂತೇ ಇರು. ನಿನ್ನ ಮೇಲೆ ಒಂದು ಹೆಂಟೆ ಬಿದ್ರೆ ಹೇಳು, ಗಾಡಿ ತಿರುಗಿಸ್ಕೊಂಡು ಊರಿಗೆ ಹೋಗ್ತೀನಿ."

ಅಡವೀಶಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡನಂತೆ.

ಗಾಳೆಪ್ಪ ಗಾಡಿಯನ್ನು ಗುಡ್ಡದ ಪಕ್ಕೆಯಲ್ಲಿ ನಿಲ್ಲಿಸಿದ. ಗಾಡಿ ಕೆಳಕ್ಕೆ ವಾಲಿತು. ನೋಡುತ್ತಿದ್ದವರೆಲ್ಲ ಹಿಂದಕ್ಕೆ ಸರಿದರು. ಕ್ಯಾಬಿನ್ನಿನೊಳಗೆ ಅವನೂ ಒಂದು ಕಡೆ ವಾಲಿ ಕೂತಿದ್ದ. ಬಕೇಟು ಮಾತ್ರ ಮೆಲ್ಲಗೆ ಇನ್ನೊಂದು ಕಡೆಗೆ ಓಲಿ ಓಲಿ, ನೆಲಕ್ಕೆ ಮಟ್ಟವಾಗಿ ಬಂದು ನಿಂತಿತು. ಒಂದು ಪದರ ಹೆರೆಯಿತು. ಎತ್ತಿ, ತಿರುಗಿ, ಮೇಲೆ ಬಂಡೆಯ ಬುಡಕ್ಕೆ ಸುರಿಯಿತು. ಮತ್ತೆ ಬಂತು. ಕೆಳಗಿನ ದಂಡೆ ಮಾಡುವಾಗ ಬಕೇಟಿನ ಬೆನ್ನು ಕೆಂಚವ್ವನಿಂದ ಮಾರು ದೂರದಲ್ಲಿತ್ತು ಅಂತ ನಮ್ಮತ್ತೆ ಹೇಳಿದಳು. ಈಗ ಹೇಳುವವರು ಗೇಣು ದೂರ ಅಂತಾರೆ. ಅವಳ ಸೆರಗಿಗೆ ತಾಗಿ ಹೋಯಿತು ಅಂತಾರೆ. ಅವಳು ತೆರೆದಿಟ್ಟ ಸುಣ್ಣದ ಡಬ್ಬಿಗೆ ಒಂದು ಕಣ ಧೂಳೂ ಬೀಳಲಿಲ್ಲ ಅಂತಾರೆ. ಇದನ್ನು ನಾನು ನಂಬಲ್ಲ. ಧೂಳು ಬಿದ್ದೇ ಇರುತ್ತೆ. ಆದರೆ ಹೆಂಟೆ ಬೀಳಲಿಲ್ಲ. ಅದು ನಿಜ.

ಕೆಂಚವ್ವ ಮೊದಲು ಕಣ್ಣು ಮುಚ್ಚಿ ಕೂತಿದ್ದಳಂತೆ. ಆಮೇಲೆ ಒಂದು ಕಣ್ಣು ಬಿಟ್ಟಳು. ಆಮೇಲೆ ಎರಡೂ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳೇ ಗಂಡನಿಗೆ ಹೇಳತೊಡಗಿದ್ದಳು: "ನೋಡ್ರಿ, ಈಗ ಈ ಕಡೆ ಕೆರೀತಾನೆ. ನೋಡ್ರಿ, ಎಷ್ಟು ನಯವಾಗಿ ಕೆರೀತಾನೆ. ನೀವು ಗಡ್ಡ ಕೆರ್ಕೊಳ್ಳೋವಾಗ ಇಷ್ಟು ನಯವಾಗಿ ಯಾವತ್ತಾದ್ರೂ ಕೆರ್ಕೊಂಡಿದ್ರಾ?" ನೆರೆದಿದ್ದ ಜನ ನಕ್ಕರು. ಅವಳೂ ನಕ್ಕಳು. ಸಂಜೆಗೆ ಗಾಡಿ ಅವಳನ್ನು ದಾಟಿ ಮುಂದೆ ಹೋಯಿತು. ಆಗ ಅವಳು ಎದ್ದಳು. ಎದ್ದು, ಸೀರೆ ಕೊಡವಿಕೊಂಡು, ಒಂದು ಎಲೆಗೆ ಸುಣ್ಣ ಸವರಿ ಅಡಿಕೆ ಇಟ್ಟು ಮಡಚಿ, ಗಾಡಿಯ ಹತ್ತಿರ ಹೋಗಿ ಅವನ ಕೈಗೆ ಕೊಟ್ಟಳು. ಅವನು ಬಾಯಿಗೆ ಹಾಕಿಕೊಂಡ. ಅವನಿಗೆ ಎಲೆ ಅಡಿಕೆ ಅಭ್ಯಾಸ ಇರಲಿಲ್ಲ. ತಲೆ ಸುತ್ತಿ ಬಂಡೆಯ ಮೇಲೆ ಅರ್ಧ ಗಂಟೆ ಮಲಗಿದನಂತೆ.

ಇಲ್ಲಿಗೆ ಕತೆ ಮುಗಿದಿದ್ದರೆ ಚೆಂದವಿತ್ತು. ಆದರೆ ಮನುಷ್ಯ ಮನುಷ್ಯನೇ ತಾನೇ.

ಆವತ್ತಿಂದ ಗಾಳೆಪ್ಪನ ಹೆಸರು ಸುತ್ತಮುತ್ತ ಹಬ್ಬಿತು. ಆಚೆ ಊರುಗಳಿಂದ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಬಂದವರು, "ನಿನಗೆ ದಾರ ಯಾಕಪ್ಪ, ರಸಮಟ್ಟ ಯಾಕಪ್ಪ, ನಿನ್ನ ಕಣ್ಣೇ ರಸಮಟ್ಟ," ಅಂದರು. ದಿನಾ ಅಂದರೆ ಯಾರಿಗೆ ತಾನೇ ನಿಜ ಅನ್ನಿಸುವುದಿಲ್ಲ? ಒಂದು ದಿನ ಗಾಳೆಪ್ಪ ದಾರ ಕಟ್ಟಲಿಲ್ಲ. ಗೂಟ ಹೊಡೆಯಲಿಲ್ಲ. ಕಣ್ಣಳತೆಯಲ್ಲೇ ಅರವತ್ತು ಹೆಜ್ಜೆ ತೋಡಿ ಹಾಕಿದ. ಜನ ಶಿಳ್ಳೆ ಹೊಡೆದರು. ಅವನೂ ಕ್ಯಾಬಿನ್ನಿನಿಂದ ಕೈ ಬೀಸಿದನಂತೆ.

ಮಾರನೇ ಬೆಳಿಗ್ಗೆ ಮುಂದಿನ ತುಂಡಿಗೆ ಅಂತ ಪೈಪು ಹಿಡಿದು ಮಟ್ಟ ನೋಡಿದ. ಮತ್ತೆ ನೋಡಿದ. ಪೈಪಿನೊಳಗೆ ಗಾಳಿ ಸೇರಿಕೊಂಡಿದೆಯೇನೋ ಅಂತ ಕೊಡವಿ ಮೂರನೇ ಸಲ ನೋಡಿದ. ಆ ಅರವತ್ತು ಹೆಜ್ಜೆ ಒಂದು ಗೇಣು ಹೆಚ್ಚು ಆಳ ಹೋಗಿತ್ತು. ಹಿಂದಿನ ಎರಡು ಸಲ ಎಮ್ಮೆ ಹೊರಳಾಡಿದಂಥದೇ ಒಂದು ಗುಂಡಿಯನ್ನು ಅವನು ತನ್ನ ಕೈಯಾರೆ ಮಾಡಿದ್ದ.

ಕಾಲುವೆಯ ತಳದಲ್ಲಿ ಮೊಣಕಾಲಿಗೆ ತಲೆ ಇಟ್ಟು ಕೂತುಬಿಟ್ಟ ಅಂತಾರೆ. ಅಡವೀಶಪ್ಪ ಬಂದು ವಿಷಯ ತಿಳಿದು, "ಇಷ್ಟೇನಾ? ಮೇಲೆ ನಾಲ್ಕು ಬಕೇಟು ಮಣ್ಣು ಎಳೆದು ಸವರಿಬಿಡು. ಯಾರು ನೋಡ್ತಾರೆ?" ಅಂದ.

"ಸಡಿಲು ಮಣ್ಣು ಸಾವ್ಕಾರ್ರೇ. ನೀರು ಬಂದ ದಿನವೇ ಕುಸೀತದೆ," ಅಂದ ಗಾಳೆಪ್ಪ.

"ಮತ್ತೆ ಮುಂದಿಂದೆಲ್ಲ ಆಳ ಮಾಡು."

"ಮುಂದಿಂದೆಲ್ಲ ಆಳ ಮಾಡಿದ್ರೆ ಹಟ್ಟಿ ಹೊಲಕ್ಕಿಂತ ಕಾಲುವೆ ಕೆಳಗೆ ಹೋಗ್ತದೆ. ನೀರು ಕಣ್ಣಿಗೆ ಕಾಣ್ತದೆ, ಕೈಗೆ ಸಿಗಲ್ಲ."

ಚಿತ್ತೆಗೆ ಹದಿಮೂರು ದಿನ ಇತ್ತು. ಮುಂದೆ ಇನ್ನೂ ಕೆಲಸ ಬಾಕಿ ಇತ್ತು. ಗಾಳೆಪ್ಪ ಎದ್ದು ಟವೆಲಿನಿಂದ ಮುಖ ಒರೆಸಿಕೊಂಡು, ಹಟ್ಟಿಗೆ ನಡೆದು ಬಂದ. ಬಂದು ಕಟ್ಟೆಯ ಮುಂದೆ ನಿಂತು, ನಾನು ತಪ್ಪು ಮಾಡಿದ್ದೇನೆ ಅಂದ. ಎಷ್ಟು ಹೆಜ್ಜೆ, ಎಷ್ಟು ಆಳ, ಹೆಂಗಾಯಿತು, ಎಲ್ಲ ಹೇಳಿದ. ಶಿಳ್ಳೆಯ ಮಾತನ್ನೂ ಮುಚ್ಚಿಡಲಿಲ್ಲವಂತೆ. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತಿದ್ದ. ಒಬ್ಬಿಬ್ಬರು ಬೈದರು ಕೂಡ. ಆಗ ಕುರಿ ಕಾಯುವ ಮೈಲಾರಪ್ಪ ಎದ್ದು, "ಮಣ್ಣು ಗಟ್ಟಿಯಾಗಬೇಕು, ಅಷ್ಟೇ ತಾನೇ?" ಅಂತ ಕೇಳಿದ. ಹೌದು ಅಂದ ಗಾಳೆಪ್ಪ. "ನಿಮ್ಮಜ್ಜನೋರು ಕೆರೆ ಏರಿ ಹಾಕೋವಾಗ ಏನು ಮಾಡ್ತಿದ್ರು?" ಅಂದ ಮೈಲಾರಪ್ಪ. ಗಾಳೆಪ್ಪ ತಲೆ ಎತ್ತಿ ನೋಡಿದ. ಮುಖ ಅರಳಿತಂತೆ.

ಕುರಿ ತುಳಿಸುವುದು! ಕುರಿಯ ಗೊರಸು ಚಿಕ್ಕದು, ಚೂಪು. ಸಾವಿರ ಕುರಿ ನಡೆದರೆ ಮಣ್ಣು ಕಲ್ಲಾಗುತ್ತೆ. ಇದು ಒಡ್ಡರಿಗೆ ಗೊತ್ತಿದ್ದ ವಿದ್ಯೆ, ಗಾಡಿ ಬಂದ ಮೇಲೆ ಮರೆತಿದ್ದರು.

ಆವತ್ತೇ ಶುರುವಾಯಿತು. ಗಾಳೆಪ್ಪ ನಾಲ್ಕು ಬೆರಳು ದಪ್ಪ ಮಣ್ಣು ಹರಡುವುದು. ಅದರ ಮೇಲೆ ನೀರು ಚಿಮುಕಿಸುವುದು. ಮೈಲಾರಪ್ಪನ ಕುರಿಗಳು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಆಮೇಲೆ ಇನ್ನೊಂದು ಪದರ. ಚಿಮುಕಿಸಲು ನೀರು ಎಲ್ಲಿಂದ ತಂದರು ಅಂತ ಕೇಳಿ. ಹಟ್ಟಿಯಲ್ಲಿ ಇದ್ದದ್ದು ಈಚೆಗೆ ಹಾಕಿದ ಒಂದು ಕೈಪಂಪು. ಒಂದು ಬಿಂದಿಗೆ ತುಂಬಲು ಇನ್ನೂರು ಸಲ ಒತ್ತಬೇಕು. ಆ ಕುಡಿಯುವ ನೀರನ್ನು ಹೆಂಗಸರು ತಲೆಯ ಮೇಲೆ ಹೊತ್ತು ತಂದು, ಒಂದು ದಿನವೂ ಒಂದು ಹನಿ ಕೊಡದ ಕಾಲುವೆಗೆ ಸುರಿದರು. ನಮ್ಮತ್ತೆ ಐವತ್ತು ಬಿಂದಿಗೆ ಹೊತ್ತೆ ಅನ್ನುತ್ತಿದ್ದಳು. ಒಂದೊಂದು ಸಲ ಎಂಬತ್ತು ಅನ್ನುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ.

ಸಾವಿರ ಕುರಿ ಅಂತಾರೆ, ಎರಡು ಸಾವಿರ ಅಂತಾರೆ, ಸುತ್ತಲ ಏಳು ಹಟ್ಟಿಯ ಕುರಿಗಳೂ ಬಂದವು ಅಂತಾರೆ. ಕುರಿಗಳ ಬ್ಯಾ ಬ್ಯಾ ಸದ್ದಿಗೆ ಇಂಜಿನ್ನಿನ ಸದ್ದೇ ಕೇಳುತ್ತಿರಲಿಲ್ಲವಂತೆ. ಐದು ದಿನ ಹೀಗೆ ನಡೆಯಿತು. ಆರನೇ ದಿನ ಗಾಳೆಪ್ಪ ಒಂದು ಹಾರೆ ಎತ್ತಿ ಆ ತಳಕ್ಕೆ ಕುಕ್ಕಿದ. ಹಾರೆ ಠಣ್ ಅಂತ ವಾಪಸು ಬಂತು. ಆಮೇಲೆ ಗೂಟ ಹೊಡೆದ, ದಾರ ಕಟ್ಟಿದ, ಪೈಪು ಹಿಡಿದು ಮಟ್ಟ ನೋಡಿದ, ಓರೆ ಬಕೇಟು ಹಾಕಿ ಕೊನೆಯ ಪದರ ಹೆರೆದ. ಈ ಸಲ ನೋಡಲು ಬಂದ ಯಾರೂ ಶಿಳ್ಳೆ ಹೊಡೆಯಲಿಲ್ಲ. ಮೈಲಾರಪ್ಪ ಬಾಯಿ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿದ್ದನಂತೆ. ಅಲ್ಲಿಂದ ಮುಂದಿನ ಕೆಲಸ ಚಿತ್ತೆಗೆ ಒಂದು ದಿನ ಇದೆ ಅನ್ನುವಾಗ ಮುಗಿಯಿತು.

ಚಿತ್ತೆ ಮಳೆ ಹುಟ್ಟಿದ ದಿನ ಮಳೆ ಬರಲಿಲ್ಲ. ಬಿಸಿಲು ಚುರುಚುರು ಅನ್ನುತ್ತಿತ್ತು. ಹೊತ್ತು ಹುಟ್ಟಿ ಮಾರುದ್ದ ಏರುವಾಗ ಸಾಹೇಬರು ಬಂದರು, ತೂಬು ಎತ್ತಿಸಿದರು. ನೀರು ಕಾಲುವೆಗೆ ಇಳಿಯಿತು. ಸಾಹೇಬರು ಸಂಜೆಗೆ ಹಟ್ಟಿಯ ಹತ್ತಿರ ಬರುತ್ತೇನೆ ಅಂತ ಜೀಪು ಹತ್ತಿ ಹೋದರು. ಜನ ಓಡಿ ಹೋಗಿ ಹಟ್ಟಿಯಲ್ಲಿ ಕಾಯೋಣ ಅಂತ ಹೊರಟರು. ಗಾಳೆಪ್ಪ ಮಾತ್ರ ಹೋಗಲಿಲ್ಲ. ಚಪ್ಪಲಿ ಬಿಚ್ಚಿಟ್ಟು, ಕಾಲುವೆಯ ದಂಡೆಯ ಮೇಲೆ, ಹರಿದು ಬರುವ ನೀರಿನ ಮೂತಿಯ ಪಕ್ಕಕ್ಕೆ ಸರಿಯಾಗಿ ನಡೆಯತೊಡಗಿದ. ನೀರು ಒಂದು ಹೆಜ್ಜೆ ಬಂದರೆ ಅವನೂ ಒಂದು ಹೆಜ್ಜೆ. ನೀರು ಸ್ವಲ್ಪ ತಡೆದರೆ ಅವನೂ ತಡೆಯುತ್ತಿದ್ದ. ಹೊರಟಿದ್ದ ಜನ ತಿರುಗಿ ನೋಡಿದರು. ಒಬ್ಬೊಬ್ಬರಾಗಿ ಬಂದು ಅವನ ಹಿಂದೆ ಸೇರಿಕೊಂಡರು.

ಒಣಗಿದ ನೆಲ. ನೀರನ್ನು ಕುಡಿದು ಕುಡಿದು ಬಿಡುತ್ತಿತ್ತು. ನೀರಿನ ಮೂತಿಯಲ್ಲಿ ಕಸ, ಒಣ ಎಲೆ, ನೊರೆ, ಇರುವೆ ಎಲ್ಲ ತೇಲಿಕೊಂಡು ಬರುತ್ತಿದ್ದವು. ಹಿಂದಿನ ಎರಡು ಸಲ ನಿಂತಿದ್ದ ಜಾಗ ಬಂತು. ನೀರು ನಿಲ್ಲಲಿಲ್ಲ. ಜನ ಉಸಿರು ಬಿಟ್ಟರು. ಕಲ್ಲುಬೋರೆಯ ಪಕ್ಕೆ ಬಂತು. ಅಲ್ಲಿ ಕೆಂಚವ್ವ ಕಾದು ನಿಂತಿದ್ದಳು. ನೀರು ನಿಂಗಯ್ಯನ ಕಲ್ಲಿನ ಮೇಲುಗಡೆ, ಅದಕ್ಕೆ ಒಂದು ಹನಿ ಸಿಡಿಸದೆ ದಾಟಿ ಹೋಯಿತು. "ಹೋಗಿ ಬರ್ತೀನ್ರಿ," ಅಂತ ಗಂಡನಿಗೆ ಹೇಳಿ ಅವಳೂ ನೀರಿನ ಜೊತೆ ಹೊರಟಳು.

ಕುರಿ ತುಳಿಸಿದ ಜಾಗ ಬಂತು. ಗಾಳೆಪ್ಪನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತಂತೆ. ನೀರು ಆ ತಳಕ್ಕೆ ಕಾಲಿಟ್ಟಿತು. ನಿಧಾನವಾಯಿತು. ಇನ್ನೂ ನಿಧಾನವಾಯಿತು. ಒಂದು ಒಣ ಎಲೆ ಮುಂದೆ ತೇಲುತ್ತಿತ್ತು, ಅದು ನಿಂತ ಹಾಗೆ ಕಂಡಿತು. ಮೈಲಾರಪ್ಪ ಕಂಬಳಿಯ ತುದಿ ಕಚ್ಚಿಕೊಂಡು ನಿಂತಿದ್ದ. ಎಲೆ ಒಂದು ಸುತ್ತು ತಿರುಗಿತು. ಆಮೇಲೆ ಮೂತಿ ಹಟ್ಟಿಯ ಕಡೆಗೆ ಮಾಡಿ ಮುಂದೆ ಸರಿಯಿತು. ಸರಿದೇ ಸರಿಯಿತು. ಅರವತ್ತು ಹೆಜ್ಜೆ ದಾಟಿತು. ಗಾಳೆಪ್ಪ ಆಗ ಅತ್ತ ಅಂತಾರೆ. ನಮ್ಮತ್ತೆ, ಅಳಲಿಲ್ಲ, ಬೆವರು ಒರೆಸಿಕೊಂಡ ಅನ್ನುತ್ತಿದ್ದಳು. ಎರಡೂ ಇರಬಹುದು.

ಹೊತ್ತು ಮುಳುಗುವುದಕ್ಕೆ ಇನ್ನೂ ಒಂದು ಮಾರು ಇದೆ ಅನ್ನುವಾಗ ನೀರು ಹಟ್ಟಿ ಮುಟ್ಟಿತು. ಸಾಹೇಬರು ಜೀಪಿನಿಂದ ಇಳಿದು ನೋಡಿದರು. ನೀರಿಗಿಂತ ಮೊದಲು ಅವರಿಗೆ ಕಂಡದ್ದು ಜನ. ಗುಂಡ್ಲಹಾಳಿನವರು, ಹಟ್ಟಿಯವರು, ಮುದುಕರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು, ಎಲ್ಲ ಮದುವೆಯ ದಿಬ್ಬಣದ ಹಾಗೆ ನಿಧಾನಕ್ಕೆ ನಡೆದು ಬರುತ್ತಿದ್ದರು. ಹಟ್ಟಿಯಲ್ಲಿ ಉಳಿದಿದ್ದವರು ಬಾಗಿಲಿಗೆ ಬಂದ ನೀರಿಗೆ ಆರತಿ ಎತ್ತಿದರು. ಕೆಂಚವ್ವ ದಂಡೆಯ ಇಳಿಜಾರಲ್ಲಿ ಕೂತು, ಜಾರಿಕೊಂಡೇ ಕೆಳಗಿಳಿದು, ಬೊಗಸೆಯಲ್ಲಿ ನೀರು ಎತ್ತಿ ಕುಡಿದಳು. ಕೆಸರು ನೀರು. ಕುಡಿದು, "ಇಳೀತು ಕಣಪ್ಪ," ಅಂದಳಂತೆ ಗಾಳೆಪ್ಪನಿಗೆ.

ಗಾಳೆಪ್ಪ ಎರಡು ದಿನ ಇದ್ದು, ಹೋಳಿಗೆ ಉಂಡು, ಗಾಡಿಯನ್ನು ಲಾರಿಗೆ ಹತ್ತಿಸಿಕೊಂಡು ಹೋದ. ಆಮೇಲೆ ಎಷ್ಟೋ ಊರಲ್ಲಿ ಕೆಲಸ ಮಾಡಿದ. ಎಲ್ಲಿ ಹೋದರೂ ದಾರ ಕಟ್ಟದೆ ಗಾಡಿ ಹತ್ತುತ್ತಿರಲಿಲ್ಲ ಅಂತಾರೆ. ಯಾರಾದರೂ ಹೊಗಳಲು ಬಂದರೆ ಮಂದ ಕಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದ ಅಂತಾರೆ. ಮೊಮ್ಮಕ್ಕಳನ್ನು ಕಂಡು, ವಯಸ್ಸಾಗಿ, ಸುಖವಾಗಿ ಹೋದನಂತೆ. ಅವನ ಓರೆ ಬಕೇಟು ಎಲ್ಲಿದೆ ಯಾರಿಗೂ ಗೊತ್ತಿಲ್ಲ. ನಾಲ್ಕು ಊರಿನವರು ತಮ್ಮಲ್ಲೇ ಇದೆ ಅಂತಾರೆ.

ಕಾಲುವೆ ಮಾತ್ರ ನಮ್ಮಲ್ಲೇ ಇದೆ. ಪ್ರತಿ ವರ್ಷ ತೂಬು ಎತ್ತುವ ದಿನ ನಾವೆಲ್ಲ ಬೆಳಿಗ್ಗೆ ಕೆರೆಗೆ ಹೋಗುತ್ತೇವೆ. ಚಪ್ಪಲಿ ಬಿಡುತ್ತೇವೆ. ನೀರಿನ ಜೊತೆ ಹಟ್ಟಿಯ ತನಕ ನಡೆಯುತ್ತೇವೆ. ನೀರಿಗಿಂತ ಮುಂದೆ ಹೋಗುವ ಹಾಗಿಲ್ಲ. ಮುಂದೆ ಓಡಿದವರನ್ನು ತೋಳು ಹಿಡಿದು ಹಿಂದಕ್ಕೆ ಎಳೆಯುತ್ತೇವೆ, ಗಾಳೆಪ್ಪನೇ ಹೋಗಲಿಲ್ಲ, ನೀನು ಯಾವನೋ ಅಂತ. ಮೊದಲೆಲ್ಲ ನನಗೆ ಆ ನಡಿಗೆ ಬಹಳ ನಿಧಾನ ಅನ್ನಿಸುತ್ತಿತ್ತು. ಹೆಜ್ಜೆ ತಡೆದು ತಡೆದು ಸಾಕಾಗುತ್ತಿತ್ತು. ಈಗ ಮೊಣಕಾಲು ಹಿಡಿದುಕೊಂಡಿವೆ. ಮದುವೆಗೆ, ಸಂತೆಗೆ, ಎಲ್ಲಿ ಹೋದರೂ ಜನ ನನ್ನನ್ನು ಹಿಂದೆ ಬಿಟ್ಟು ಹೋಗಿಬಿಡುತ್ತಾರೆ. ಆ ಒಂದು ದಿನ ಮಾತ್ರ ಯಾರೂ ಬಿಟ್ಟು ಹೋಗುವುದಿಲ್ಲ. ನೂರು ಹೆಜ್ಜೆಗೆ ಒಂದು ಬೆರಳು ಇಳಿಜಾರಲ್ಲಿ ನೀರು ಎಷ್ಟು ಬೇಗ ಹೋದೀತು? ನನ್ನಷ್ಟೇ.